ಬೆರಳಿಗೆ ಗೊತ್ತಿದ್ದ ಜಾಗ

“ಮನೆ ಗುಂಡಿ ಕಾಣ್ತಾ ಇಲ್ಲ ಕಣೇ.”

ಅಮ್ಮ ಅಪ್ಪನ ಕೀಪ್ಯಾಡ್ ಫೋನಿನಿಂದ ಮಾತಾಡುತ್ತಿದ್ದಳು. ತನ್ನ ಫೋನಿಗೆ ಏನಾದರೂ ಆದಾಗ ಮಾತ್ರ ಅವಳು ಅದನ್ನು ಮುಟ್ಟುವುದು. ಹಿಂದಿನ ದಿನವಷ್ಟೇ ಅಣ್ಣ ಹೊಸ ಫೋನು ತಂದು, ಹಳೆಯದರಲ್ಲಿದ್ದ ಹೆಸರು, ನಂಬರುಗಳನ್ನೆಲ್ಲ ಅದಕ್ಕೆ ಸೇರಿಸಿ, ತೆರೆದ ಕೂಡಲೇ ಮೊಮ್ಮಕ್ಕಳ ಫೋಟೋ ಕಾಣುವ ಹಾಗೆ ಮಾಡಿಕೊಟ್ಟು ಹೋಗಿದ್ದ. ಬೆಳಿಗ್ಗೆ ಎದ್ದು ಅಮ್ಮ ಯೂಟ್ಯೂಬಿನಲ್ಲಿ ಸುಪ್ರಭಾತ ಹಾಕಿದ್ದಾಳೆ. ಅದು ಮುಗಿದಿದೆ, ಅದರ ಬೆನ್ನಿಗೆ ಇನ್ನೊಂದು ಹಾಡು, ಅದರ ಬೆನ್ನಿಗೆ ಯಾವುದೋ ತಲೆಗೆಣ್ಣೆಯ ಜಾಹೀರಾತು. ಹೊರಗೆ ಬರಬೇಕು, ದಾರಿ ಇಲ್ಲ. ಹಳೆಯ ಫೋನಿನ ಪರದೆಯ ಬುಡದಲ್ಲಿ ಮೂರು ಗುರುತುಗಳಿದ್ದವು. ನಡುವಿನ ಉರುಟು ಗುರುತಿಗೆ ಅವಳಿಟ್ಟ ಹೆಸರು ಮನೆ ಗುಂಡಿ. ಎಡಗಡೆಯ ತ್ರಿಕೋನ ಹಿಂದಿನ ಗುಂಡಿ. ಬಲಗಡೆಯ ಚೌಕಕ್ಕೆ ಹೆಸರಿರಲಿಲ್ಲ, ಅದನ್ನು ಒತ್ತಬಾರದು ಎಂದಷ್ಟೇ ಗೊತ್ತಿತ್ತು. ಹೊಸದರಲ್ಲಿ ಮೂರೂ ಇಲ್ಲ. ಅವುಗಳ ಜಾಗದಲ್ಲಿ ದರ್ಭೆಯ ಎಸಳಿನಂಥ ಒಂದು ತೆಳು ಗೆರೆ.

“ಆ ಗೆರೆ ಇದೆಯಲ್ಲ ಅಮ್ಮಾ, ಅದರ ಮೇಲೆ ಬೆರಳಿಟ್ಟು ಮೇಲಕ್ಕೆ ಸವರು.”

“ಸವರೋದು ಅಂದ್ರೆ? ಕಾವಲಿಗೆ ಎಣ್ಣೆ ಸವರಿದ ಹಾಗಾ?”

“ಅಷ್ಟು ನಿಧಾನ ಬೇಡ. ಸ್ವಲ್ಪ ಬೇಗ. ಮೇಲಕ್ಕೆ ತಳ್ಳು.”

“ತಳ್ಳಿದೆ. ಇನ್ನೇನೋ ಆಯ್ತು. ಎಲ್ಲಾ ಚಿಕ್ಕ ಚಿಕ್ಕದಾಗಿ ಸಾಲಿಗೆ ನಿಂತ್ಕೊಂಡ್ವು.”

ತಳ್ಳಿದವಳು ಅರೆಕ್ಷಣ ಬೆರಳನ್ನು ಅಲ್ಲೇ ನಿಲ್ಲಿಸಿದ್ದಳು. ಹಾಗೆ ನಿಲ್ಲಿಸಿದರೆ ಅದರ ಅರ್ಥವೇ ಬೇರೆ. ನಿಲ್ಲಿಸದೆ ಬಿಟ್ಟರೆ ಮನೆ, ನಿಲ್ಲಿಸಿ ಬಿಟ್ಟರೆ ತೆರೆದಿಟ್ಟ ಆ್ಯಪುಗಳ ಸಾಲು. ಈ ವ್ಯತ್ಯಾಸವನ್ನು ನಾನು ಅವಳಿಗೆ ಹೇಗೆ ಹೇಳಲಿ? ಸವರು, ಒರೆಸು, ಜಾರಿಸು, ಎಳೆ, ತಳ್ಳು, ಗೀರು, ಚಿಮ್ಮು. ನನಗೆ ಬರುವ ಕನ್ನಡದ ಕ್ರಿಯಾಪದಗಳನ್ನೆಲ್ಲ ಒಂದೊಂದಾಗಿ ಆ ಬೆಳಿಗ್ಗೆ ಖರ್ಚು ಮಾಡಿದೆ. ಪ್ರತಿಯೊಂದಕ್ಕೂ ಅಮ್ಮನ ಹತ್ತಿರ ಅವಳದೇ ಕೈಯ ಅರ್ಥವಿತ್ತು. ಒರೆಸು ಎಂದರೆ ಊಟಕ್ಕೆ ಹಾಕಿದ ಬಾಳೆಲೆಯನ್ನು ನೀರು ಚಿಮುಕಿಸಿ ಒರೆಸುವುದು, ಎಳೆ ಎಂದರೆ ರಂಗೋಲಿಯ ಎಳೆ, ಗೀರು ಎಂದರೆ ಬೆಂಕಿಕಡ್ಡಿ. ಒಂದೂ ಆ ಗೆರೆಗೆ ಸರಿಹೊಂದಲಿಲ್ಲ. ಒತ್ತು ಎನ್ನುವ ಮಾತಿಗೆ ಮಾತ್ರ ಇಂಥ ವಿವರಣೆ ಯಾವತ್ತೂ ಬೇಕಾಗಿರಲಿಲ್ಲ. ಗುಂಡಿ ಎಲ್ಲಿದೆ ಎಂದು ಹೇಳಿ ಒತ್ತು ಎಂದರೆ ಮುಗಿಯಿತು, ಎಷ್ಟು ದೂರದಿಂದ ಬೇಕಾದರೂ ಹೇಳಬಹುದು. ಮುದ್ರೆಯನ್ನು ಹಾಗೆ ಫೋನಿನಲ್ಲಿ ಹೇಳಿಕೊಡಲಾಗದು. ಭರತನಾಟ್ಯದ ಟೀಚರ್ ಮಾಡುವಂತೆ ಎದುರಿಗೆ ಕೂತು ಕೈ ಹಿಡಿದು ತೋರಿಸಬೇಕು.

ಸೆಟ್ಟಿಂಗ್ಸಿಗೆ ಹೋದರೆ ಹಳೆಯ ಮೂರು ಗುಂಡಿಗಳನ್ನು ವಾಪಸು ತರಬಹುದೆಂದು ನನಗೆ ಗೊತ್ತಿತ್ತು. ಆದರೆ ಅದು ನಾಲ್ಕು ಬಾಗಿಲು ದಾಟಿ ಒಳಗಿರುವ ಕೋಣೆ. ಒಂದು ಬಾಗಿಲು ತಪ್ಪಿದರೆ ಹಿಂದೆ ಬರಬೇಕು. ಹಿಂದೆ ಬರುವ ಗುಂಡಿಯೇ ಅಲ್ಲವೇ ಇಲ್ಲದಿರುವುದು! ಅರ್ಧ ಗಂಟೆಯ ಮೇಲೆ ಅಮ್ಮ, “ಇರ್ಲಿ ಬಿಡು ಮಾರಾಯ್ತಿ, ಹಬ್ಬಕ್ಕೆ ಬರ್ತೀಯಲ್ಲ” ಎಂದಳು. ಅವಳ ದನಿಯಲ್ಲಿದ್ದದ್ದು ಸಿಟ್ಟಲ್ಲ, ಸಂಕೋಚ. ತನಗೇ ತಿಳಿಯುವುದಿಲ್ಲ, ತನ್ನದೇ ತಪ್ಪು ಎಂಬ ಸಂಕೋಚ. ಅದು ನನ್ನನ್ನು ಇಡೀ ದಿನ ಕಾಡಿತು. ಹನ್ನೆರಡು ಅಂಕಣದ ಮನೆ ನಡೆಸಿದವಳು, ಹಾವು ಬಂದರೆ ಹೆಸರು ಹೇಳಿ ದಾರಿ ಬಿಟ್ಟುಕೊಡುವವಳು, ಅಂಗೈಯಗಲದ ಗಾಜಿನ ಮುಂದೆ ಕುಗ್ಗಿ ಕೂತಿದ್ದಾಳೆ. ತಪ್ಪು ಅವಳದಲ್ಲ ಎಂದು ಅವತ್ತು ನಾನು ಹೇಳಿದ್ದು ಅವಳಿಗೆ ನಾಟಿದಂತೆ ಕಾಣಲಿಲ್ಲ. ಹಾಗಾಗಿ ಇಲ್ಲಿ ಬಿಡಿಸಿ ಹೇಳುತ್ತಿದ್ದೇನೆ.

ನಮ್ಮ ಮನೆಗೆ ಬಂದ ಮೊದಲ ಮೊಬೈಲು ಅಪ್ಪನ ನೋಕಿಯಾ 1100. ಅದು 2003ರಲ್ಲಿ ಬಂದ ಫೋನು, ಲೋಕದಲ್ಲಿ 25 ಕೋಟಿಯಷ್ಟು ಮಾರಾಟವಾಯಿತು. ನಮ್ಮಂಥ ಊರುಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು ಎಂದು ನೋಡಿದರೇ ತಿಳಿಯುತ್ತಿತ್ತು. ಕೀಲಿಗಳ ಸಂದಿಗೆ ಧೂಳು ಹೋಗದಂತೆ ಇಡೀ ಮುಖಕ್ಕೆ ಒಂದೇ ರಬ್ಬರಿನ ಹೊದಿಕೆ, ಬೆವರು ಕೈಯಿಂದ ಜಾರದಂತೆ ಒರಟು ಅಂಚು, ನೆತ್ತಿಯ ಮೇಲೊಂದು ಟಾರ್ಚು. ಕರೆಂಟು ಹೋದ ರಾತ್ರಿ ಕೊಟ್ಟಿಗೆಯಲ್ಲಿ ದನ ಕೂಗಿದರೆ ಅಪ್ಪ ಹಾಸಿಗೆಯಿಂದ ಏಳುತ್ತಲೇ ಜೇಬಿಗೆ ಕೈ ಹಾಕುತ್ತಿದ್ದ. ಫೋನು ಹೊರಗೆ ಬರುವ ಮೊದಲೇ, ಅಂಗಿಯ ಬಟ್ಟೆಯ ಒಳಗಿಂದಲೇ ಬೆಳಕು ಹೊತ್ತಿರುತ್ತಿತ್ತು. ಅವನು ಗುಂಡಿಯನ್ನು ನೋಡುತ್ತಿರಲಿಲ್ಲ. ಹೆಬ್ಬೆರಳಿಗೆ ಆ ಜಾಗ ಗೊತ್ತಿತ್ತು.

ಹೆಬ್ಬೆರಳಿಗೆ ಆ ಜಾಗವನ್ನು ಗೊತ್ತು ಮಾಡಿಸುವ ಉಪಾಯಗಳು ಬಹಳ ಸಣ್ಣವು. ಕೀಪ್ಯಾಡ್ ಫೋನು ಸಿಕ್ಕರೆ 5ರ ಅಂಕಿಯ ಮೇಲೆ ಬೆರಳಾಡಿಸಿ ನೋಡಿ. ಅಲ್ಲೊಂದು ಸಾಸಿವೆ ಕಾಳಿನಷ್ಟು ಉಬ್ಬು ಇರುತ್ತದೆ. ಕಂಪ್ಯೂಟರಿನ ಕೀಲಿಮಣೆಯಲ್ಲಿ ಎಫ್ ಮತ್ತು ಜೆ ಅಕ್ಷರಗಳ ಮೇಲೂ ಇಂಥದೇ ಗುರುತು. ಆ ಒಂದು ಕಾಳು ಸಿಕ್ಕರೆ ಉಳಿದ ಊರೆಲ್ಲ ಸಿಕ್ಕಿದ ಹಾಗೆ. ಗುಂಡಿಯ ಅಡಿಯಲ್ಲಿ ಬೋರಲು ಹಾಕಿದ ಬಟ್ಟಲಿನಂಥ ತೆಳು ಲೋಹದ ತಗಡು ಇರುತ್ತದೆ. ಒತ್ತಿದಾಗ ಅದು ಟಪ್ಪೆಂದು ಒಳಗೆ ಕುಸಿದು, ಬಿಟ್ಟೊಡನೆ ಎದ್ದು ನಿಲ್ಲುತ್ತದೆ. ಕೆಲಸ ಆಯಿತು ಎಂಬ ಸುದ್ದಿ ಕಣ್ಣಿಗಿಂತ ಮೊದಲು ಬೆರಳಿಗೆ ಮುಟ್ಟುತ್ತದೆ.

ನನ್ನ ಸೋದರಮಾವನಿಗೆ ನಲವತ್ತು ದಾಟುತ್ತಿದ್ದಂತೆ ಗ್ಲಾಕೋಮಾದಿಂದ ಕಣ್ಣು ಹೋಯಿತು. 5ರ ಮೇಲಿನ ಆ ಉಬ್ಬನ್ನು ಹಿಡಿದುಕೊಂಡು ಅವನು ಹತ್ತು ಅಂಕಿಯ ನಂಬರನ್ನು ನಾವು ನೋಡಿಕೊಂಡು ಒತ್ತುವುದಕ್ಕಿಂತ ಬೇಗ ಒತ್ತುತ್ತಿದ್ದ. ಇಡೀ ನೆಂಟರಿಷ್ಟರ ನಂಬರುಗಳು ಅವನ ಬಾಯಲ್ಲಿದ್ದವು, ಅಲ್ಲ, ಬೆರಳಲ್ಲಿದ್ದವು. “ದೊಡ್ಡಮ್ಮನ ನಂಬರು ಹೇಳು ಮಾವ” ಎಂದರೆ ಅವನು ಗಾಳಿಯಲ್ಲಿ ಹೆಬ್ಬೆರಳು ಕುಣಿಸಿ, ಅದು ಎಲ್ಲೆಲ್ಲಿ ಹೋಯಿತು ಎಂದು ಗಮನಿಸಿ, ಆಮೇಲೆ ಅಂಕಿಗಳನ್ನು ಹೇಳುತ್ತಿದ್ದ.

ಗಾಜು ಬಂದಾಗ ಅದನ್ನು ತಂದವರ ವಾದ ಸುಳ್ಳಾಗಿರಲಿಲ್ಲ. 2007ರ ಜನವರಿಯಲ್ಲಿ ಸ್ಟೀವ್ ಜಾಬ್ಸ್ ಐಫೋನನ್ನು ತೋರಿಸುವಾಗ ಹೇಳಿದ್ದು ಇದನ್ನೇ: ಪ್ಲಾಸ್ಟಿಕ್ಕಿನ ಗುಂಡಿಗಳು ಒಮ್ಮೆ ಕೂತ ಮೇಲೆ ಕೂತಲ್ಲೇ, ಬೇಕಾದಾಗಲೂ ಬೇಡವಾದಾಗಲೂ ಅಲ್ಲೇ. ಪರದೆಯ ಮೇಲಾದರೆ ಪ್ರತಿ ಕೆಲಸಕ್ಕೂ ಅದಕ್ಕೆ ತಕ್ಕ ಗುಂಡಿ ಬರೆಯಬಹುದು. ಕನ್ನಡದ ಮಟ್ಟಿಗೆ ಈ ಮಾತು ಎಷ್ಟು ನಿಜವಾಯಿತು ಎಂದರೆ, ಇವತ್ತು ಅಮ್ಮ ಒತ್ತಕ್ಷರ, ದೀರ್ಘಗಳ ಸಮೇತ ಕನ್ನಡದಲ್ಲಿ ಮೆಸೇಜು ಬರೆಯುತ್ತಿದ್ದರೆ ಅದು ಗಾಜಿನ ಕೀಲಿಮಣೆಯ ಕೊಡುಗೆ. ಇಂಗ್ಲಿಷ್ ಅಕ್ಷರ ಕೊರೆದ ಗುಂಡಿಗಳ ಕಾಲದಲ್ಲಿ ನಾವೆಲ್ಲ “ಓಟ ಆಯ್ತಾ” ಎಂದೋ “ಊಟ ಆಯ್ತಾ” ಎಂದೋ ತಿಳಿಯದ ಇಂಗ್ಲಿಷ್ ಲಿಪಿಯ ಕನ್ನಡದಲ್ಲಿ ಕ್ಷೇಮ ವಿಚಾರಿಸಿಕೊಳ್ಳುತ್ತಿದ್ದೆವು. ಇಷ್ಟೆಲ್ಲ ಹೇಳಿದ ಅದೇ ಜಾಬ್ಸ್, ಗಾಜಿನ ಕೆಳಗೆ ಒಂದೇ ಒಂದು ನಿಜವಾದ ಗುಂಡಿಯನ್ನು ಉಳಿಸಿದ್ದರು. ಒತ್ತಿದರೆ ಮನೆ. ಎಲ್ಲಿ ಕಳೆದುಹೋಗಿದ್ದರೂ, ಏನು ಎಡವಟ್ಟು ಮಾಡಿಕೊಂಡಿದ್ದರೂ ಮನೆ. ಹೊಸದನ್ನು ಹೆದರದೆ ಮುಟ್ಟಿ ನೋಡಲು ಲಕ್ಷಾಂತರ ಜನರಿಗೆ ಧೈರ್ಯ ಕೊಟ್ಟದ್ದು ಆ ಉರುಟು ಗುಂಡಿ ಎಂದು ನಾನು ನಂಬಿದ್ದೇನೆ. ಹಿಂದಕ್ಕೆ ಬರುವ ದಾರಿ ಗೊತ್ತಿದ್ದವರು ತಾನೇ ಕಾಡಿನೊಳಗೆ ನಾಲ್ಕು ಹೆಜ್ಜೆ ಹೆಚ್ಚು ಇಡುವುದು.

ಆಂಡ್ರಾಯ್ಡಿನ ಮೊದಲ ಫೋನು, 2008ರ ಎಚ್‌ಟಿಸಿ ಡ್ರೀಮ್‌ಗೆ ಗುಂಡಿಗಳು ಧಾರಾಳ. ಕರೆಗೊಂದು, ಮನೆಗೊಂದು, ಹಿಂದಕ್ಕೊಂದು, ಮೆನುವಿಗೊಂದು, ಮುಗಿಸಲೊಂದು, ನಡುವೆ ಉರುಳಿಸುವ ಗೋಲಿ. 2011ರಲ್ಲಿ ಆಂಡ್ರಾಯ್ಡ್ 4.0 ಜೊತೆಗೆ ಬಂದ ಗ್ಯಾಲಕ್ಸಿ ನೆಕ್ಸಸ್ ಆ ಗುಂಡಿಗಳನ್ನು ಮುಖದಿಂದ ಕಿತ್ತು ಪರದೆಯೊಳಗೆ ಚಿತ್ರವಾಗಿ ಕೂರಿಸಿತು. ಲಾಭಗಳೂ ಇದ್ದವು. ಫೋನನ್ನು ಅಡ್ಡ ಹಿಡಿದರೆ ಗುಂಡಿಗಳೂ ತಿರುಗಿ ನಿಲ್ಲುತ್ತಿದ್ದವು, ಸಿನಿಮಾ ನೋಡುವಾಗ ಮರೆಯಾಗುತ್ತಿದ್ದವು. ಆದರೆ ಕೆಲವು ಕಂಪನಿಗಳು ಹಿಂದಿನ ಗುಂಡಿಯನ್ನು ಎಡಕ್ಕಿಟ್ಟರೆ ಕೆಲವು ಬಲಕ್ಕಿಟ್ಟವು. ಒಂದು ಫೋನಿನಿಂದ ಇನ್ನೊಂದಕ್ಕೆ ಹೋದವರ ಹೆಬ್ಬೆರಳು ತಿಂಗಳುಗಟ್ಟಲೆ ತಪ್ಪು ಬಾಗಿಲು ತಟ್ಟುತ್ತಿತ್ತು. 2014ರಲ್ಲಿ ಮನೆಯ ಚಿತ್ರವೂ ಬಾಗಿದ ಬಾಣವೂ ಹೋಗಿ ತ್ರಿಕೋನ, ವೃತ್ತ, ಚೌಕ ಬಂದವು. ಮನೆಯ ಹಾಗೆ ಕಾಣುತ್ತಿದ್ದ ಮನೆ ಬರೀ ವೃತ್ತವಾಯಿತು. ಅಮ್ಮ ಅದನ್ನು ಮನೆ ಎಂದು ಕರೆಯುವುದು ಯಾರೋ ಹೇಳಿಕೊಟ್ಟಿದ್ದರಿಂದ, ನೋಡಿದ್ದರಿಂದ ಅಲ್ಲ. ಆಮೇಲೆ 2017ರಲ್ಲಿ ಐಫೋನ್ ಎಕ್ಸ್ ಮನೆ ಗುಂಡಿಯನ್ನೇ ತೆಗೆದುಹಾಕಿತು. 2018ರ ಆಂಡ್ರಾಯ್ಡ್ 9ರಲ್ಲಿ ಮೂರು ಗುರುತುಗಳ ಜಾಗದಲ್ಲಿ ಒಂದು ಮಾತ್ರೆಯಂಥ ಗುರುತು, 2019ರ ಆಂಡ್ರಾಯ್ಡ್ 10ರಲ್ಲಿ ಅದೂ ಕರಗಿ ಗೆರೆ. ಗುಂಡಿ ಮೊದಲು ಉಬ್ಬು ಕಳೆದುಕೊಂಡಿತು, ನಂತರ ಚಿತ್ರ ಕಳೆದುಕೊಂಡಿತು, ಕೊನೆಗೆ ಜಾಗವನ್ನೇ ಕಳೆದುಕೊಂಡಿತು.

ನನ್ನ ತಕರಾರು ಇರುವುದು ಇಲ್ಲೇ. ಗುಂಡಿ ಇದ್ದಾಗ ಅದನ್ನು ನೆನಪಿಟ್ಟುಕೊಳ್ಳುವ ಭಾರ ವಸ್ತುವಿನ ಮೇಲಿತ್ತು. ಮರೆತರೂ ಅದು ಅಲ್ಲಿರುತ್ತಿತ್ತು, ನೋಡಿದರೆ ಕಾಣುತ್ತಿತ್ತು, ತಡವಿದರೆ ಸಿಗುತ್ತಿತ್ತು. ಸನ್ನೆಗೆ ಹಾಗೆ ಇರಲು ತಾವಿಲ್ಲ. ಅದು ಕಲಿತವರ ನೆನಪಿನಲ್ಲಿ ಮಾತ್ರ ಇರುತ್ತದೆ. ಭಾರವನ್ನು ವಸ್ತುವಿನ ತಲೆಯಿಂದ ಇಳಿಸಿ ಮನುಷ್ಯರ ತಲೆಗೆ ಹೊರಿಸಿದ್ದೇವೆ, ಅದೂ ಹೊರಲು ಕಷ್ಟವಾಗುವ ವಯಸ್ಸಿನವರ ತಲೆಗೆ.

ಬೆರಳೂ ಎಲ್ಲರದೂ ಒಂದೇ ಅಲ್ಲ. ಕೊನೆ ಕೊಯ್ಲು ಮುಗಿದು ಅಡಿಕೆ ಸುಲಿಯುವ ಕಾಲದಲ್ಲಿ ನಮ್ಮ ಅಂಗಳದ ಚಪ್ಪರದಡಿ ರಾತ್ರಿ ಹನ್ನೊಂದರ ತನಕ ಹೆಂಗಸರು ಮೆಟ್ಟುಗತ್ತಿಯ ಮೇಲೆ ಕೂತಿರುತ್ತಾರೆ. ಹಸಿ ಅಡಿಕೆಯ ಒಗರು ಹತ್ತಿ ಬೆರಳ ತುದಿಗಳು ಕಪ್ಪಾಗಿ, ಗಟ್ಟಿಯಾಗಿ, ಸೀಳು ಬಿಟ್ಟಿರುತ್ತವೆ. ಅವರಲ್ಲಿ ಒಬ್ಬಾಕೆ ಫೋನು ಬಂದಾಗ ಅದನ್ನು ಎತ್ತಲು ಪರದೆಯ ಮೇಲೆ ಒಂದು ಸಲ, ಎರಡು ಸಲ, ಮೂರು ಸಲ ಬೆರಳು ಎಳೆದದ್ದನ್ನು ನೋಡಿದ್ದೇನೆ. ಫೋನು ಬಡಿದುಕೊಳ್ಳುತ್ತಲೇ ಇತ್ತು. ಕೊನೆಗೆ ಆಕೆ ಬೆರಳನ್ನು ಬಿಟ್ಟು ಮುಂಗೈಯ ಮೆತ್ತನೆ ಚರ್ಮದಿಂದ ಸವರಿ ಎತ್ತಿದಳು. ಗಾಜಿನಡಿಯಲ್ಲಿ ಕಣ್ಣಿಗೆ ಕಾಣದ ವಾಹಕ ಪದರವೊಂದು ಹರಡಿರುತ್ತದೆ. ಅದರ ಮೇಲಿನ ವಿದ್ಯುತ್ತಿನಲ್ಲಿ ಬೆರಳು ತಂದ ಅತಿ ಸಣ್ಣ ಬದಲಾವಣೆಯನ್ನು ಅಳೆದು ಫೋನು ‘ಮುಟ್ಟಿದರು’ ಎಂದು ತಿಳಿಯುತ್ತದೆ. ಒಣಗಿ ಗಟ್ಟಿಯಾದ ಚರ್ಮ ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ. ಒದ್ದೆ ಕೈಯೂ ಕಷ್ಟ, ನೀರಿನ ಹನಿಯನ್ನೇ ಬೆರಳೆಂದು ಭ್ರಮಿಸುತ್ತದೆ. ದುಡಿದ ಕೈ, ತೊಳೆದ ಕೈ, ಮುಪ್ಪಿನ ಕೈ, ಇವುಗಳನ್ನೇ ಗುರುತಿಸಲಾಗದ ಯಂತ್ರ ಒಂದು ಹಳ್ಳಿಮನೆಯಲ್ಲಿ ಯಾರ ಕೈಯನ್ನು ಗುರುತಿಸುತ್ತದೆ? ರಬ್ಬರಿನ ಗುಂಡಿಗೆ ಈ ಭೇದ ಇರಲಿಲ್ಲ. ಮಣ್ಣು ಮೆತ್ತಿದ ಬೆರಳಾದರೂ ಸರಿ, ಕಡ್ಡಿಯ ತುದಿಯಾದರೂ ಸರಿ.

ಗುಂಡಿಗೆ ಆಯುಷ್ಯ ಇರುತ್ತದೆ ಎಂಬುದನ್ನೂ ಬಲ್ಲೆ. ರಬ್ಬರು ಸವೆದು ಅಂಕಿ ಅಳಿಸುತ್ತದೆ, ಸಂದಿಯಲ್ಲಿ ನೀರು ಇಳಿಯುತ್ತದೆ. ಐಫೋನಿನಲ್ಲಿ ಅಸಿಸ್ಟಿವ್ ಟಚ್ ಎಂಬ ಸೌಲಭ್ಯವಿದೆ, ಕೈ ಸ್ವಾಧೀನ ಕಡಿಮೆ ಇರುವವರಿಗೆಂದು ಮಾಡಿದ, ಪರದೆಯ ಮೇಲೆ ತೇಲುವ ಒಂದು ಬಿಳಿ ಚುಕ್ಕೆ. ನಮ್ಮಲ್ಲಿ ಕೈ ನೆಟ್ಟಗಿದ್ದವರೂ ಅದನ್ನು ಹಾಕಿಕೊಳ್ಳುತ್ತಿದ್ದರು, ಮನೆ ಗುಂಡಿ ಸವೆಯದಿರಲಿ ಎಂದು. 2016ರ ಐಫೋನ್ 7ರಲ್ಲಂತೂ ಗುಂಡಿ ಅಲುಗುತ್ತಲೇ ಇರಲಿಲ್ಲ. ಒತ್ತಿದಾಗ ಒಳಗಿನ ಮೋಟಾರು ಸಣ್ಣಗೆ ನಡುಗಿ, ಒತ್ತಿದಂತೆ ಬೆರಳಿಗೆ ಅನ್ನಿಸುವ ಹಾಗೆ ಮಾಡುತ್ತಿತ್ತು. ಫೋನು ಆಫ್ ಆಗಿದ್ದಾಗ ಒತ್ತಿದರೆ ಮಾತ್ರ ಅದು ಗೋಡೆ. ಗುಂಡಿಯನ್ನು ತೆಗೆದ ಮೇಲೂ ಬೆರಳಿಗೆ ಆ ಟಪ್ಪನ್ನು ಕೊಡಲೇಬೇಕು ಎಂದು ಅದನ್ನು ಮಾಡಿದವರಿಗೆ ಅನ್ನಿಸಿತಲ್ಲ, ಅದನ್ನು ನಾನು ಮೆಚ್ಚುತ್ತೇನೆ.

ಮಾವನೂ ಈಗ ಗಾಜಿನ ಫೋನಿಗೆ ಬಂದಿದ್ದಾನೆ. ಅದು ಅವನಿಗೆ ಕೊಟ್ಟದ್ದು ಸಣ್ಣದಲ್ಲ. ಟಾಕ್‌ಬ್ಯಾಕ್ ಎಂಬ ಓದುವ ದನಿ ಆಂಡ್ರಾಯ್ಡಿಗೆ ಬಂದದ್ದು 2009ರಲ್ಲಿ. ಅವನು ಬೆರಳಿಟ್ಟ ಕಡೆ ಏನಿದೆ ಎಂದು ಅದು ಕನ್ನಡದಲ್ಲಿ ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಹತ್ತು ವರ್ಷ ಬೇರೆಯವರಿಂದ ಪೇಪರು ಓದಿಸಿಕೊಂಡವನು ಈಗ ತಾನೇ ಬೆಳಿಗ್ಗೆ ಸುದ್ದಿ ಕೇಳಿ ನಮಗೆ ಹೇಳುತ್ತಾನೆ. ಆದರೆ ಎಂದಾದರೂ ಆ ದನಿ ನಿಂತುಹೋದರೆ? ಆಗ ಅವನ ಕೈಯಲ್ಲಿರುವುದು ನುಣ್ಣನೆಯ ಗಾಜಿನ ಹಲಗೆ, ಅದರ ಮೇಲೆ ಹಿಡಿಯಲು ಏನೂ ಇಲ್ಲ. ಅವನು ಫೋನಿನ ಮಗ್ಗುಲು ತಡವುತ್ತಾನೆ. ಅಲ್ಲಿ ಸದ್ದು ಏರಿಸುವ, ಇಳಿಸುವ ಎರಡು ಗುಂಡಿಗಳು ಇನ್ನೂ ಉಳಿದಿವೆ. ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರೆ ದನಿ ಮರಳಿ ಬರುತ್ತದೆ. “ಮುಂಬಾಗಿಲು ಎಷ್ಟು ಚೆಂದ ಮಾಡಿದ್ರೂ, ಕತ್ತಲಲ್ಲಿ ಸಿಗೋದು ಹಿತ್ತಿಲ ಬಾಗಿಲ ಅಗಳಿಯೇ ಪುಟ್ಟೀ” ಎನ್ನುತ್ತಾನೆ.

ಅಪಾಯದ ಹೊತ್ತಿಗೆ ಎಲ್ಲರೂ ಆ ಅಗಳಿಗೇ ಕೈ ಹಾಕುತ್ತಾರೆ. ಮೊಬೈಲುಗಳಲ್ಲಿ ಪ್ಯಾನಿಕ್ ಬಟನ್ ಇರಬೇಕೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿದಾಗ, ಸಾದಾ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗಬೇಗ ಮೂರು ಸಲ ಒತ್ತುವುದು ಎಂಬ ದಾರಿಗಳನ್ನು ಹೇಳಿತ್ತು. ಕೈ ನಡುಗುವಾಗ, ಫೋನು ಚೀಲದೊಳಗಿರುವಾಗ ಹೆಣ್ಣುಮಗಳೊಬ್ಬಳು ಗೆರೆ ಹುಡುಕಿ ಸವರಲಿ ಎಂದು ಯಾರೂ ಹೇಳಲಾರರು.

ಸಮುದ್ರದ ಮೇಲೆ ಗುಂಡಿ ಇಲ್ಲದ್ದರ ಬೆಲೆ ಜೀವದ ಲೆಕ್ಕದಲ್ಲಿ ತೆರಬೇಕಾಯಿತು. 2017ರ ಆಗಸ್ಟಿನಲ್ಲಿ ಸಿಂಗಾಪುರದ ಬಳಿ ಅಮೆರಿಕದ ಯುದ್ಧನೌಕೆ ಜಾನ್ ಎಸ್. ಮೆಕೇನ್ ಒಂದು ತೈಲನೌಕೆಗೆ ಡಿಕ್ಕಿ ಹೊಡೆದು ಹತ್ತು ಜನ ನಾವಿಕರು ಸತ್ತರು. ಹಡಗಿನ ವೇಗದ ನಿಯಂತ್ರಣ ಟಚ್‌ಸ್ಕ್ರೀನಿನ ಮೇಲಿತ್ತು. ಎರಡೂ ಕಡೆಯ ವೇಗವನ್ನು ಇಳಿಸಿದ್ದೇವೆಂದು ತಿಳಿದಿದ್ದಾಗ ಇಳಿದದ್ದು ಒಂದು ಕಡೆಯದು ಮಾತ್ರ, ಹಡಗು ಪಕ್ಕಕ್ಕೆ ತಿರುಗಿತು. ತರಬೇತಿಯ ಕೊರತೆಯೂ ಕಾರಣಗಳಲ್ಲಿ ಸೇರಿತ್ತು, ನಿಜ. ಆದರೆ ಕೈಯಲ್ಲಿ ಎರಡು ಸನ್ನೆಗೋಲುಗಳಿದ್ದಿದ್ದರೆ ಒಂದು ಮುಂದೆ, ಒಂದು ಹಿಂದೆ ಇರುವುದು ಅಂಗೈಗೇ ತಿಳಿಯುತ್ತಿತ್ತು. ಅಮೆರಿಕದ ನೌಕಾಪಡೆ 2019ರಲ್ಲಿ ಅಂಥ ಹಡಗುಗಳಿಗೆ ಕೈಯಿಂದ ಹಿಡಿಯುವ ನಿಯಂತ್ರಣವನ್ನೇ ಮರಳಿ ಹಾಕಲು ನಿರ್ಧರಿಸಿತು. ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯೂರೋ ಎನ್‌ಕ್ಯಾಪ್ ಕೂಡ 2026ರಿಂದ ಇಂಡಿಕೇಟರು, ಹಾರನ್ನು, ವೈಪರುಗಳಿಗೆ ನಿಜವಾದ ಗುಂಡಿ ಅಥವಾ ಕಡ್ಡಿ ಇರಬೇಕೆಂದು ಕೇಳುತ್ತಿದೆ.

ನಮ್ಮಲ್ಲೇ ಇನ್ನೂ ಹತ್ತಿರದ ಉದಾಹರಣೆಯಿದೆ. ಬೆಂಗಳೂರಿನ ಬಿಇಎಲ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಮತಯಂತ್ರದಲ್ಲಿ ಪರದೆ ಸವರುವ ಕೆಲಸವಿಲ್ಲ. ಒಂದು ಯಂತ್ರದಲ್ಲಿ ಹದಿನಾರು ನೀಲಿ ಗುಂಡಿಗಳು, ಪಕ್ಕದಲ್ಲಿ ಚಿಹ್ನೆ, ಬ್ರೈಲ್ ಅಂಕಿ. ಒತ್ತಿದರೆ ಕೆಂಪು ದೀಪ, ಉದ್ದನೆಯ ಬೀಪ್. ಓದು ಬಾರದವರೂ, ಕಣ್ಣು ಕಾಣದವರೂ, ಮೊದಲ ಸಲ ಬಂದವರೂ ಅಲ್ಲಿ ತಡವರಿಸುವುದಿಲ್ಲ. ಮಾವ ಕಳೆದ ಸಲ ನನ್ನ ಭುಜ ಹಿಡಿದು ಮತಗಟ್ಟೆಯ ಬಾಗಿಲ ತನಕ ಬಂದವನು, ಒಳಗೆ ಒಬ್ಬನೇ ಹೋಗಿ ಬ್ರೈಲ್ ಎಣಿಸಿ ಒತ್ತಿ ಬಂದ. ಆ ಬೀಪ್ ನನಗೂ ಹೊರಗೆ ಕೇಳಿಸಿತು.

ದೀಪಾವಳಿಗೆ ಊರಿಗೆ ಹೋದವಳು ಮೊದಲು ಮಾಡಿದ ಕೆಲಸ ಅಮ್ಮನ ಫೋನನ್ನು ಕೈಗೆತ್ತಿಕೊಂಡದ್ದು. ನಾಲ್ಕು ಬಾಗಿಲು ದಾಟಿ ಒಳಗೆ ಹೋಗಿ ಮೂರು ಗುಂಡಿಗಳನ್ನು ವಾಪಸು ತಂದೆ. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, “ಬಂತಲ್ಲ” ಎಂದಳು, ಕಳೆದುಹೋದ ಕರು ಸಂಜೆ ತಾನಾಗಿ ಕೊಟ್ಟಿಗೆಗೆ ಬಂದಾಗ ಹೇಳುವ ದನಿಯಲ್ಲಿ. ಅವಳ ಹಳೆಯ ಫೋನು ಕಪಾಟಿನಲ್ಲಿತ್ತು. ಚಾರ್ಜಿಗೆ ಹಾಕಿ ತೆರೆದೆ. ಅದರ ಪರದೆ ವರ್ಷಗಟ್ಟಲೆ ಅದೇ ಜಾಗದಲ್ಲಿ ಆ ಮೂರು ಗುರುತುಗಳನ್ನು ಬೆಳಗಿ ಬೆಳಗಿ ದಣಿದಿತ್ತು. ಬಿಳಿ ಹಿನ್ನೆಲೆಯಲ್ಲಿ ಪೂರ್ತಿ ಪರದೆಯ ಫೋಟೋ ತೆರೆದಾಗಲೂ ತ್ರಿಕೋನ, ವೃತ್ತ, ಚೌಕ ಮಸುಕಾಗಿ ಕಾಣುತ್ತಿದ್ದವು, ಗೋಡೆಯಿಂದ ಕ್ಯಾಲೆಂಡರು ತೆಗೆದ ಮೇಲೆ ಉಳಿಯುವ ಗುರುತಿನಂತೆ.

ಸಂಕ್ರಾಂತಿ ಕಳೆದು ಮತ್ತೆ ಹೋದಾಗ ಒಂದು ರಾತ್ರಿ ಊಟದ ನಡುವೆ ಕರೆಂಟು ಹೋಯಿತು. ನನ್ನ ಫೋನು ಎಲ್ಲೋ ಇತ್ತು. ಕತ್ತಲಲ್ಲಿ ಅಮ್ಮನ ಫೋನು ತಡವಿ ತೆಗೆದುಕೊಂಡೆ. ಹೆಬ್ಬೆರಳಿಗೆ ಕೆಳಗಿನ ಅಂಚಿನಲ್ಲಿ, ಎಡಗಡೆಗೆ, ಏನೋ ಸಣ್ಣದಾಗಿ ಉಬ್ಬಿದ್ದು ತಗುಲಿತು.

“ಅದಾ? ನನ್ನ ಬೊಟ್ಟು” ಎಂದಳು ಅಮ್ಮ ಕತ್ತಲೊಳಗಿಂದ. “ಹಣೆಗಿಡೋ ಸ್ಟಿಕ್ಕರು. ಕವರಿಗೆ ಅಂಟಿಸಿದೀನಿ. ಅದರ ನೆತ್ತಿ ಮೇಲೇ ಹಿಂದಿನ ಗುಂಡಿ. ಕನ್ನಡಕ ಬೇಡ ಈಗ.”

“ಮನೆ ಗುಂಡಿಗೆ?”

“ಅದು ನಡುವೆ ಅಲ್ವಾ, ಬೊಟ್ಟು ಸಿಕ್ಕಿದ್ಮೇಲೆ ಅದೂ ಸಿಗ್ತದೆ. ಹುಷಾರು, ಸಾರಿನ ಕೈಯಲ್ಲಿ ಮುಟ್ಟಬೇಡ, ಎದ್ದೋಗ್ತದೆ.”